ಹಿಲ್ಡಾ ಆಂಟಿ ಬಾಗಿಲು ತಟ್ಟದೆ ಬಂದ ಸಂಜೆ

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪರದೇಶದ ವಿಂಡಮ್ ವೇಲ್ ಬಡಾವಣೆಯ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಆಲಿಕಲ್ಲು ಬಿದ್ದು ಅಂಗಳ ಬೆಳ್ಳಗಾಗಿತ್ತು. ಮರಗಳು ಮುರಿದು ತಂತಿಗಳ ಮೇಲೆ ಒರಗಿದ್ದವು. ಅಂಥ ಚಳಿಯಲ್ಲೂ ಪಕ್ಕದ ಮನೆಯ ಹಿಲ್ಡಾ ಆಂಟಿಯ ಕಿಟಕಿ ಗೇಣುದ್ದ ತೆರೆದೇ ಇತ್ತು.

ಆಂಟಿ ಮಂಗಳೂರಿನವರು. ಮುಚ್ಚಿದ ಕಿಟಕಿ ಕಂಡರೆ ಅವರಿಗಾಗದು. ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿ ತೆರೆಯುವರು. ಬಾಗಿಲು ತಟ್ಟುವ ಅಭ್ಯಾಸವೂ ಇಲ್ಲ. ಪಾತ್ರೆ ಹಿಡಿದು ಹಿಂಬಾಗಿಲಿನಿಂದ ನೇರ ಒಳಗೆ. ನನ್ನ ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಅಮ್ಮನಿಗೂ ಅವರಿಗೂ ದಿನವೂ ಜಟಾಪಟಿ. "ಬಾಣಂತಿಗೆ ಗಾಳಿ ತಗುಲಬಾರದು ಕಣ್ರೀ" ಎಂದು ಅಮ್ಮ ಮುಚ್ಚುವರು. "ಮೊಮ್ಮಗಳನ್ನು ಉಪ್ಪಿನಕಾಯಿ ಹಾಕ್ಲಿಕ್ಕೆ ಉಂಟಾ ನಿಮಗೆ?" ಎಂದು ಆಂಟಿ ತೆರೆಯುವರು.

ಆ ಸಂಜೆ ಹೀಟರ್ ನಿಂತಿತು. ಗಂಡ ಊರಿನ ಇನ್ನೊಂದು ತುದಿಯ ಕ್ರಾನ್‌ಬರ್ನ್‌ನಲ್ಲಿ ಸಿಕ್ಕಿಕೊಂಡಿದ್ದರು. ಅಮ್ಮ ಬಾರ್ಬೆಕ್ಯೂ ಇದ್ದಿಲನ್ನು ಹಿತ್ತಲಲ್ಲಿ ಹೊತ್ತಿಸಿ, ಕೆಂಡವನ್ನು ಬಾಣಲೆಗೆ ತುಂಬಿ ನನ್ನ ಕೋಣೆಗೆ ತಂದರು. ಮೇಲೆ ಚಿಟಿಕೆ ಸಾಂಬ್ರಾಣಿ, ಬಾಗಿಲ ಸಂದಿಗೆ ಟವೆಲ್. ನಮ್ಮ ಮನೆತನದ ಬಾಣಂತಿಯರೆಲ್ಲ ಹೀಗೇ ಬೆಚ್ಚಗಿದ್ದವರು. ಆದರೆ ಅವು ಹೆಂಚಿನ ಮನೆಗಳು, ಕೆಂಡದ ವಿಷಗಾಳಿ ಸೂರಿನ ಸಂದಿಯಿಂದ ಹೊರಹೋಗುತ್ತಿತ್ತು. ಇಲ್ಲಿ ಸೂಜಿ ತೂರುವಷ್ಟೂ ದಾರಿಯಿಲ್ಲ.

ತಲೆ ಸಿಡಿಯತೊಡಗಿತು, ನಿದ್ದೆಗೆಟ್ಟದ್ದಕ್ಕಿರಬೇಕು ಎಂದುಕೊಂಡೆ. ಹಾಲಿಗೆ ಅಳುವ ಹೊತ್ತಾದರೂ ಮಗು ಅಳಲಿಲ್ಲ. ಅಂತೂ ಚೆನ್ನಾಗಿ ಮಲಗಿದಳಲ್ಲ ಎಂದು ಖುಷಿಪಟ್ಟೆ.

ಆಂಟಿ ಗಂಜಿ ಹಿಡಿದು ಬಂದಾಗ ಅಮ್ಮ ವಾಂತಿ ಮಾಡಿಕೊಂಡು ಗೋಡೆಗೊರಗಿದ್ದರು. ಆಂಟಿ ಕೆಂಡ ನೋಡಿದರು, ನಮ್ಮನ್ನು ನೋಡಿದರು. ಮಗುವನ್ನು ಎತ್ತಿ ಕೋಟಿನೊಳಗೆ ಸೇರಿಸಿಕೊಂಡು ನನ್ನ ರಟ್ಟೆ ಹಿಡಿದರು.

"ಹೊರಗೆ ನಡಿ ಮಾರಾಯ್ತಿ. ಬೈಯುವುದಿದ್ರೆ ಆಮೇಲೆ ಬೈ."

ನನ್ನನ್ನು ಆಲಿಕಲ್ಲಿನ ಮೇಲೆ ಕೂರಿಸಿ ಅಮ್ಮನನ್ನೂ ಎಳೆತಂದರು. ಆಂಬ್ಯುಲೆನ್ಸ್‌ಗೆ ಫೋನ್ ಮಾಡುತ್ತಲೇ ಮಗುವಿನ ಅಂಗಾಲು ತಟ್ಟುತ್ತಿದ್ದರು. ಕೊನೆಗೆ ಬೆಕ್ಕಿನಮರಿಯಂಥ ಒಂದು ಅಳು. "ಅಳು ಮಗಾ, ಇನ್ನೂ ಅಳು" ಎಂದರು ಆಂಟಿ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಮೂವರೂ ಉಳಿದೆವು. ಕೆಂಡ ತಂದದ್ದು ನಾನೇ ಎಂದು ಅಮ್ಮ ದಿನಗಟ್ಟಲೆ ಹಲುಬಿದರು. ಆಂಟಿ ಒಮ್ಮೆ ಪಕ್ಕದಲ್ಲಿ ಕೂತು, "ಚಳಿ ಆಗ್ತದೆ ಅಂತ ತಂದದ್ದಲ್ವಾ? ಸಾಯ್ಲಿ ಅಂತ ತಂದದ್ದಾ? ಊಟ ಮಾಡಿ" ಎಂದರು. ಅಂದು ಅಮ್ಮ ಉಂಡರು.

ನನಗೆ ಮಾತ್ರ ನಿದ್ದೆ ಮರಳಲಿಲ್ಲ. ಮಗು ಸುಮ್ಮನಾದರೆ ಸಾಕು, ಅಲುಗಾಡಿಸಿ ಎಬ್ಬಿಸಿಬಿಡುತ್ತಿದ್ದೆ.

ಅಷ್ಟರಲ್ಲಿ ಆಂಟಿ ಸಿಡ್ನಿಗೆ, ಪೆಂಡಲ್ ಹಿಲ್‌ನ ಮಗಳ ಮನೆಗೆ ಹೋದರು. ಈಗ ಅವರು ಬದುಕಿಲ್ಲ. ಕೊನೆಯ ಸಲ ನೋಡಿದ್ದು ಅಲ್ಲೇ, ಮಗುವಿನ ಮೊದಲ ಹುಟ್ಟುಹಬ್ಬ ಕಳೆದ ಮೇಲೆ. ನನ್ನ ಕಣ್ಣು ನೋಡಿದವರೇ ಮಗುವನ್ನು ಎತ್ತಿಕೊಂಡರು. "ಇವತ್ತು ಇವಳು ನನ್ನ ಹತ್ತಿರ. ಉಸಿರು ನಾನು ನೋಡ್ತೇನೆ, ನೀನು ಮಲಗು."

ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಅಡುಗೆಮನೆಯಲ್ಲಿ ಮಗು ಚಮಚ ಎಸೆಯುತ್ತಿತ್ತು, ಆಂಟಿ ಕೊಂಕಣಿಯಲ್ಲಿ ಗದರುತ್ತಿದ್ದರು. ನಾನು ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚಿದೆ.