ಮೂರು ಸಲ ತುಳಿದರೆ ನಿಲ್ಲುವ ಜೀಪು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಜೀಪ್ ಟೈಲರ್ ಎಂದೇ. ಹೊಲಿಗೆ ಅವನ ಕಸುಬು, ಜೀಪು ಅವನ ಹುಚ್ಚು. ಹೊಲಿಸಿದ ಅಂಗಿಯನ್ನು ಗಿರಾಕಿಗಳು ಮೊದಲು ಮೂಸಿ ನೋಡಿ ಆಮೇಲೆ ಹಾಕಿಕೊಳ್ಳುತ್ತಾರೆ, ಕಾಲರಿನಿಂದ ಗ್ರೀಸಿನ ವಾಸನೆ ಬರುವುದುಂಟು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೇ ಕಾಲದ ಜೀಪದು, ಮಾವನಿಂದ ಬಂದದ್ದು. ಮನೆ ಮುಂದಿನ ತಗಡಿನ ಶೀಟಿನಡಿ ಅದು ನಿಂತಿರುತ್ತದೆ, ಅದರಡಿ ಇವನು ಮಲಗಿರುತ್ತಾನೆ. ಗೇರ್‌ಬಾಕ್ಸನ್ನು ಬಿಚ್ಚಿ ಜೋಡಿಸಿದ್ದಾನೆ, ಸೀಟಿಗೆಲ್ಲ ತಾನೇ ಹೊಲಿದು ಹಾಕಿದ್ದಾನೆ. ಆದರೆ ಸ್ಕೂಟರಿಗಿಂತ ದೊಡ್ಡ ಗಾಡಿ ಓಡಿಸುವ ಧೈರ್ಯ ಮಾತ್ರ ಇಲ್ಲ. ಓಡಿಸುವುದು ಹೆಂಡತಿ.

ಹೆಂಡತಿ ನರ್ಸು. ವಾರಕ್ಕೊಮ್ಮೆ ಲಸಿಕೆಯ ಪೆಟ್ಟಿಗೆ ಹೇರಿಕೊಂಡು ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಬೇಕು. ಆ ದಾರಿಯನ್ನು ಹೇರು ಹೊತ್ತ ಬೇರೆ ಗಾಡಿಗಳು ಜಪ್ಪಯ್ಯ ಅಂದರೂ ಹತ್ತುವುದಿಲ್ಲ. ಜೀಪಿನ ಹಳೇ ಬ್ರೇಕು ಒಂದೇ ತುಳಿತಕ್ಕೆ ಹಿಡಿದದ್ದೇ ಇಲ್ಲ. ಮೂರು ಸಲ ತುಳಿಯಬೇಕು. ಅವಳ ಕಾಲಿಗೆ ಅದು ಎಷ್ಟೋ ವರ್ಷದ ರೂಢಿ. ಇವನೋ ಅವಳು ಹೊರಟಾಗಲೆಲ್ಲ ವಾಪಸು ಬರುವವರೆಗೆ ಬೀದಿಯನ್ನೇ ನೋಡುತ್ತಿರುತ್ತಾನೆ. ಅದಕ್ಕೇ ಹಟ ಹಿಡಿದು ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ತರಿಸಿದ.

"ಇರೋದು ಚೆನ್ನಾಗೇ ಇದೆಯಲ್ಲ, ಸುಮ್ನೆ ಯಾಕೆ ಕೈ ಹಾಕ್ತೀರ?" ಎಂದಳು ಅವಳು.

"ನಿಂಗೇನು ಗೊತ್ತು, ಸುಮ್ನಿರು," ಎಂದುಬಿಟ್ಟ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಹಲವು ಸಂಜೆ ಹೆಣಗಿ, ಬೆರಳ ಗಂಟುಗಳನ್ನೆಲ್ಲ ತರಚಿಕೊಂಡು ಜೋಡಿಸಿದ. ಉಳಿದದ್ದು ಗಾಳಿ ತೆಗೆಯುವ ಕೆಲಸ. ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಪೆಡಲು ಮೆತ್ತಗಾಗಿ ಗಾಡಿ ನಿಲ್ಲುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಅವಳು ಸೀಟಿನಲ್ಲಿ ಕೂತಳು, ಇವನು ಕೆಳಗೆ ಸ್ಪ್ಯಾನರ್ ಹಿಡಿದು ಮಲಗಿದ.

"ತುಳಿ... ಹಿಡ್ಕೋ... ಬಿಡು."

ಕೊನೆಗೆ ಆಯಿಲಿನ ಜೊತೆ ಗುಳ್ಳೆ ಬರುವುದು ನಿಂತಿತು.

"ಈಗ ಗಟ್ಟಿ ಇದ್ಯಾ?"

ಅವಳು ತುಳಿದು ನೋಡಿದಳು. "ಹೂಂ, ಗಟ್ಟಿ ಇದೆ."

ಮಾರನೆಯ ದಿನ ಬೆಳಿಗ್ಗೆ ಅವಳು ಗುಡ್ಡಕ್ಕೆ ಹೊರಟಳು. ಇವನು ಮಿಷನ್ ಮುಂದೆ ಕೂತು ಅಂಗಿಯೊಂದಕ್ಕೆ ತೋಳು ಜೋಡಿಸುತ್ತ, ತನ್ನ ಕೆಲಸಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದ. ಗಾಳಿ ಬಿಡುವ ತಿರುಪು ಎಷ್ಟು ಸಲೀಸಾಗಿ ಕೈಗೆ ಸಿಕ್ಕಿತ್ತು! ಕೆಳಗೆ ಮಲಗಿದವನ ಮೂಗಿನ ನೇರಕ್ಕೇ ಇತ್ತು.

ಮಿಷನ್ ತುಳಿಯುತ್ತಿದ್ದ ಕಾಲು ನಿಂತಿತು. ಕೆಳಗೆ ಯಾಕಿತ್ತು? ಗಾಳಿ ಮೇಲಕ್ಕಲ್ಲವೇ ಏರುವುದು? ತಿರುಪು ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಆಯಿಲು ಹೋಗುತ್ತದೆ, ಗಾಳಿ ಮೇಲೆ ಹಾಯಾಗಿ ಕೂತಿರುತ್ತದೆ.

ಎಡಚಕ್ರದ ಬ್ರೇಕನ್ನು ಬಲಕ್ಕೆ, ಬಲಚಕ್ರದ್ದನ್ನು ಎಡಕ್ಕೆ ಹಾಕಿಬಿಟ್ಟಿದ್ದ, ಅದಕ್ಕೇ ತಿರುಪು ತಲೆಕೆಳಗಾಗಿತ್ತು. ಜೀಪಿನ ಎದುರು ನಿಂತು, ತನ್ನ ಎಡಗೈ ಕಡೆಯದೇ ಅದರ ಎಡವೆಂದುಕೊಂಡು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡಿದ್ದ. ಎದುರು ನಿಂತ ಗಿರಾಕಿಯ ಎಡತೋಳು ನಮ್ಮ ಬಲಕ್ಕಿರುತ್ತದೆ ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಬೈದು ಪಾಠ ಹೇಳುವ ಮಹಾನುಭಾವ ಇವನೇ.

ಮತ್ತೆ, ಅವಳು ಗಟ್ಟಿ ಇದೆ ಅಂದಳಲ್ಲ? ಅಂದಳು. ರೂಢಿಯಂತೆ ಮೂರು ಸಲ ತುಳಿದು ಅಂದಳು. ಗಾಳಿ ತುಂಬಿದ ಪೆಡಲೂ ಮೂರನೇ ತುಳಿತಕ್ಕೆ ಗಟ್ಟಿಯಾಗುತ್ತದೆ.

ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಎತ್ತಲಿಲ್ಲ. ಸುಮ್ನಿರು ಅಂದದ್ದಕ್ಕೆ ಇನ್ನೂ ಸಿಟ್ಟಿರಬೇಕು ಎಂದುಕೊಂಡ. ಆಸ್ಪತ್ರೆಗೆ ಮಾಡಿದರೆ, "ನರ್ಸಮ್ಮ ಈಗ ತಾನೇ ಹೊರಟ್ರಲ್ಲ," ಎಂದರು.

ಹೊರಟಳು ಅಂದರೆ ಇಳಿಜಾರು. ಪಕ್ಕದಂಗಡಿಯವನ ಸ್ಕೂಟರ್ ಕಿತ್ತುಕೊಂಡವನಂತೆ ತೆಗೆದುಕೊಂಡು ಗುಡ್ಡದ ಕಡೆ ಹೊರಟ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಒಂದೊಂದು ತಿರುವಿನಲ್ಲೂ ಮೊದಲು ರಸ್ತೆ ನೋಡಲಿಲ್ಲ, ಪಕ್ಕದ ಕಂದಕ ನೋಡಿದ. ಮುರಿದ ಪೊದೆ ಕಂಡಲ್ಲೆಲ್ಲ ಸ್ಕೂಟರ್ ನಿಲ್ಲಿಸಿ ಕೆಳಗಿಣುಕಿದ. ಅವಳನ್ನು ಕಾಪಾಡಬೇಕೆಂದು ಹೊರಟು ತಾನೇ ಕೊಂದುಬಿಟ್ಟೆನೇನೋ ಅನ್ನಿಸಿ ಕಣ್ಣು ಮಂಜಾಯಿತು.

ಮುಕ್ಕಾಲು ದಾರಿ ಹತ್ತಿದಾಗ ಎಂಜಿನ್ನಿನ ನರಳಾಟ ಕೇಳಿಸಿತು. ಜೀಪು ಚಿಕ್ಕ ಗೇರಿನಲ್ಲಿ ತೆವಳುತ್ತ ತಿರುವಿನಿಂದ ಇಳಿದು ಬಂತು. ಅವಳ ಮೊಣಕಾಲು ಒಂದು, ಎರಡು, ಮೂರು ಸಲ ಆಡಿದ್ದು ಇವನಿಗೆ ಕಂಡಿತು. ಜೀಪು ಸ್ಕೂಟರಿನ ಪಕ್ಕದಲ್ಲೇ ಬಂದು ನಿಂತಿತು.

ಇವನು ದೊಡ್ಡ ಕಲ್ಲೊಂದನ್ನು ತಂದು ಚಕ್ರದ ಮುಂದಿಟ್ಟ. ಆಮೇಲೆ ರಸ್ತೆಯಂಚಿನಲ್ಲಿ ಕುಸಿದು ಕೂತ.

"ನಂದೇ ತಪ್ಪು. ಎಡ ಬಲ ಅದಲು ಬದಲು ಮಾಡಿದೀನಿ. ಒಳಗೆ ಗಾಳಿ ಹಾಗೇ ಇದೆ."

"ಏನೋ ಸರಿ ಇಲ್ಲ ಅಂತ ನಂಗೂ ಹತ್ತೋವಾಗ್ಲೇ ಗೊತ್ತಾಯ್ತು," ಎಂದಳು ಅವಳು, ಕೆಳಗಿಳಿದು ಬರುತ್ತ. "ಮೂರು ಸಲ ತುಳಿದ್ರೆ ನಿಲ್ಲುತ್ತಲ್ಲ, ನಿಧಾನಕ್ಕೆ ಇಳಿದ್ರಾಯ್ತು ಅಂದ್ಕೊಂಡೆ."

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ? ಅಷ್ಟು ಸಿಟ್ಟಾ?"

"ಸಿಟ್ಟಲ್ಲ ರೀ." ಅವಳು ಅವನ ಪಕ್ಕದಲ್ಲಿ ಕೂತು ತರಚಿದ ಬೆರಳುಗಳನ್ನು ನೋಡಿದಳು. "ಹೊಸ ಬ್ರೇಕ್ ಹೇಗಿದೆ ಅಂತ ಕೇಳೋಕೆ ಮಾಡ್ತಿದೀರ ಅಂದ್ಕೊಂಡೆ. ಇಷ್ಟು ಕಷ್ಟಪಟ್ಟು ಹಾಕಿದೀರ. ಹಳೇದ್ರ ಥರಾನೇ ಇದೆ ಅಂದ್ರೆ ನಿಮ್ಮ ಮುಖ ಬಾಡಿಹೋಗುತ್ತೆ."

ಅವನು ಆ ಬೆರಳುಗಳಲ್ಲೇ ಅವಳ ಕೈ ಹಿಡಿದುಕೊಂಡು ಹೇಳಿದ:

"ಬಾಡಿದ್ರೆ ಬಾಡ್ಲಿ ಕಣೇ. ನೀನಿಲ್ದೆ ಈ ಮುಖ ಇಟ್ಕೊಂಡು ನಾನೇನ್ ಮಾಡ್ಲಿ?"