ಫೋಲ್ಡರ್ ಮಧ್ವೇಶ್
ಗಣಪತಿ ಬಡಾವಣೆಯ ಪಂಪ್ ಕಾರ್ಖಾನೆಯ ಆಫೀಸಿನಲ್ಲಿ ಮಧ್ವೇಶನನ್ನು ಎಲ್ಲರೂ ಫೋಲ್ಡರ್ ಮಧ್ವೇಶ್ ಎಂದೇ ಕರೆಯುತ್ತಾರೆ. ಎಕ್ಸೆಲ್‌ನಲ್ಲಿ ಕೆಲಸವನ್ನು ತಾನಾಗಿ ನಡೆಸುವ ಮ್ಯಾಕ್ರೋದ ಗುಂಡಿ ಒತ್ತಿದಾಗ ಫೈಲ್ ಆರಿಸುವ ಕಿಟಕಿ ಬೇರೆಲ್ಲೋ ತೆರೆದುಕೊಂಡರೆ ಅವನಿಗೆ ಅನ್ನ ಸೇರುವುದಿಲ್ಲ. "ಫೈಲ್ ಇರೋದು ಡಿ ಡ್ರೈವಲ್ಲಿ, ಇದು ಹೋಗಿ ಸಿ ಡ್ರೈವಲ್ಲಿ ನಿಂತ್ರೆ ಎಪ್ಪಡಿ, ಹೇಗೆ?" ಎಂದು ತಮಿಳು ಬೆರೆಸಿ ಗೊಣಗುತ್ತ ಯಾರ ಕುರ್ಚಿಯಲ್ಲಾದರೂ ಕೂತುಬಿಡುತ್ತಾನೆ. ಮ್ಯಾಕ್ರೋದೊಳಗೆ ಮೊದಲು ಡ್ರೈವ್, ಆಮೇಲೆ ಫೋಲ್ಡರ್ ಎಂದು ಎರಡೇ ಸಾಲು ಬರೆದು, ಹತ್ತು ಸಲ ತೆರೆದು ಮುಚ್ಚಿ, ಮಗುವಿಗೆ ಹೆಸರಿಟ್ಟವನ ಹಾಗೆ ಬೀಗುತ್ತಾನೆ. ರಜೆಯಲ್ಲಿದ್ದ ಮ್ಯಾನೇಜರರ ಕಂಪ್ಯೂಟರನ್ನೂ ಅವನು ಬಿಡಲಿಲ್ಲ. ಈ ಹುಚ್ಚು ಹಿಡಿದ ದಿನ ಯಾವುದೆಂದು ಪಂಪ್ ಪರೀಕ್ಷೆಯ ವರದಿ ನೋಡಿಕೊಳ್ಳುವ ರುಕ್ಮಿಣಮ್ಮನಿಗೆ ಮಾತ್ರ ಗೊತ್ತು. ನಿವೃತ್ತಿಗೆ ಎಂಟು ತಿಂಗಳಿರುವಾಗ ಅವರ ಕಣ್ಣು ಮಂಜಾಯಿತು. ಪರದೆಯ ಮೇಲಿನ ಹಾಳೆಯನ್ನು ಹಿಗ್ಗಿಸಿ ಓದುತ್ತಿದ್ದರು, ಆದರೆ ಫೈಲ್ ಆರಿಸುವ ಕಿಟಕಿಯ ಸಣ್ಣ ಅಕ್ಷರ ಕಾಣದೆ ಎರಡು ಸಲ ತಪ್ಪು ವರದಿ ತೆರೆದರು. ಅದನ್ನು ಗಮನಿಸಿದ್ದು ಮಧ್ವೇಶನೊಬ್ಬನೇ. ಮರುದಿನ ಅವರ ಕಿಟಕಿ ನೇರವಾಗಿ ಆ ದಿನದ ಫೋಲ್ಡರಿನಲ್ಲೇ ತೆರೆಯಿತು. "ನನಗೊಬ್ಬಳಿಗೇ ಹೀಗೆ ಮಾಡಿದ್ರೆ ಯಾಕೆ ಅಂತ ಕೇಳ್ತಾರಲ್ಲಪ್ಪಾ, ಕಣ್ಣಿನ ವಿಷಯ ಗೊತ್ತಾಗಿಬಿಡುತ್ತೆ," ಎಂದು ಅವರು ಹೆದರಿದರು. ಮಧ್ವೇಶ್ ದನಿ ತಗ್ಗಿಸಿ, "ಕೇಳಲ್ಲ ಮಾಮಿ. ಎಲ್ಲರಿಗೂ ಹಾಕ್ಬಿಡ್ತೀನಿ. ನನ್ನನ್ನ ಪೈತ್ಯಂ, ಹುಚ್ಚ ಅಂತ ನಗ್ತಾರೆ, ಅಷ್ಟೇ," ಎಂದ.