ಇವತ್ತಿನ ವಿಷಯ

ಹೆಡ್‌ಕ್ಲರ್ಕಿಗೆ ಹೊಟ್ಟೆ ಉರಿಯಲು ಬೆಂಕಿ ಬೇಕಿಲ್ಲ, ಒಂದು ಸೀಮೆಸುಣ್ಣದ ಚೂರು ಸಾಕು. ಆಫೀಸಿನ ಟೈಪಿಸ್ಟಮ್ಮ ದಿನಾ ಬೆಳಗ್ಗೆ ಬಾಗಿಲ ಬಳಿಯ ಕರಿಹಲಗೆಯ ಮೇಲೆ ‘ಇವತ್ತಿನ ವಿಷಯ’ ಎಂದು ಏನಾದರೊಂದು ಬರೆಯುತ್ತಾಳೆ: ಕಿಟಕಿ, ಅಂಗಿಯ ಗುಂಡಿ, ಮೊದಲ ಸುಳ್ಳು. ಊಟದ ಹೊತ್ತಿಗೆ ಎಲ್ಲರೂ ಅದರ ಮೇಲೆ ನಾಲ್ಕು ಮಾತಾಡಬೇಕು; ವಾಚ್‌ಮನ್ ಕೂಡ ಪದ್ಯ ಕಟ್ಟುತ್ತಾನೆ. ಹೆಡ್‌ಕ್ಲರ್ಕ್ ಬೆನ್ನು ತಿರುಗಿಸಿ ಕೂತು, “ಮಾಡೋಕೆ ಕೆಲಸ ಇಲ್ದೋರಿಗೆ ವಿಷಯ ಬೇಕು,” ಎಂದು ಊಟದ ಡಬ್ಬಿಗೆ ಹೇಳುತ್ತಾನೆ. ಕಿವಿ ಮಾತ್ರ ಒಂದಕ್ಷರ ಬಿಡುವುದಿಲ್ಲ. ಇಪ್ಪತ್ತು ವರ್ಷದಿಂದ ಪಕ್ಕದ ಬೋರ್ಡಿಗೆ ಅವನು ಅಂಟಿಸಿದ ಸುತ್ತೋಲೆಗಳನ್ನು ಒಬ್ಬರಾದರೂ ನಿಂತು ಓದಿದ್ದುಂಟೇ? ಅದನ್ನೂ ನುಂಗಿಕೊಂಡಾನು. ಆದರೆ ತಾನು ಬಂದರೂ ಹೋದರೂ ತಲೆಯೆತ್ತದ ಹೆಂಡತಿ, ಒಮ್ಮೆ ಅವನೇ ಮನೆಯಲ್ಲಿ ಈ ಹಲಗೆಯ ಬಗ್ಗೆ ಗೊಣಗಿದ್ದನ್ನು ಕೇಳಿದಾಗಿನಿಂದ, ಹೊಸ್ತಿಲಲ್ಲೇ, “ಇವತ್ತಿನ ವಿಷಯ ಏನ್ರೀ?” ಎನ್ನುತ್ತಾಳಲ್ಲ, ಅದು ಉರಿ. ನಿನ್ನೆ, ಟೈಪಿಸ್ಟಮ್ಮನ ಮರ್ಯಾದೆ ತೆಗೆಯಲೆಂದೇ ನಿಜವಾದ ವಿಷಯವನ್ನು ಮುಚ್ಚಿಟ್ಟು, ತನ್ನ ಕಾಲಿನತ್ತ ನೋಡಿ, “ಹಳೇ ಚಪ್ಪಲಿಯಂತೆ! ಅದೂ ಒಂದು ವಿಷಯಾನಾ?” ಎಂದ. ಹೆಂಡತಿ ನಗಲಿಲ್ಲ. ಒಲೆ ಆರಿಸಿ ಬಂದು ಎದುರು ಕೂತು, ತೀರಿಕೊಂಡ ಅಪ್ಪನ ಚಪ್ಪಲಿಯನ್ನು ಅಮ್ಮ ವರ್ಷಗಟ್ಟಲೆ ಬಾಗಿಲಲ್ಲೇ ಇಟ್ಟುಕೊಂಡಿದ್ದನ್ನು ಹೇಳಿದಳು. ಮದುವೆಯಾದಾಗಿನಿಂದ ಅವನು ಕೇಳಿರದ ಮಾತು. ಕಡೆಗೆ ಕಣ್ಣೊರೆಸಿಕೊಂಡು, “ಎಂಥ ಮನಸ್ಸು ರೀ ಅವ್ರದು! ನಿಮಗೆ ಇಂಥದ್ದೆಲ್ಲ ಎಲ್ಲಿ ಹೊಳೀಬೇಕು?” ಎಂದಳು. ಜೀವಮಾನದಲ್ಲಿ ತನಗೆ ಹೊಳೆದ ಒಂದೇ ಒಂದು ವಿಷಯವನ್ನು ಕೈಯಾರೆ ಟೈಪಿಸ್ಟಮ್ಮನಿಗೆ ಧಾರೆಯೆರೆದು ಕೊಟ್ಟಿದ್ದ ಹೆಡ್‌ಕ್ಲರ್ಕ್, “ಹೂಂ,” ಎಂದ.